ಊರಿನಿಂದಲೇ ದೂರದ ಡಾಕ್ಟರಿಗೆ ತೋರಿಸುವುದು ಹೇಗೆ: ಕರೆಗೆ ಮೊದಲು, ಕರೆಯಲ್ಲಿ, ಕರೆಯ ನಂತರ

ಇಂಡಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಬಾಗಿಲ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಬರೆದಿದೆ. ಊರವರಿಗೆ ಅದು ಸಣ್ಣ ದವಾಖಾನೆ, ನಾನು ನರ್ಸಬಾಯಿ. ವಿಡಿಯೊ ಕರೆಯಲ್ಲಿ ಡಾಕ್ಟರಿಗೆ ತೋರಿಸುವ ಸರ್ಕಾರಿ ಸೇವೆಯಾದ ಇ-ಸಂಜೀವಿನಿ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೋ ಇನ್ನೂ ದೂರದ ತಜ್ಞರಿಗೋ ರೋಗಿಯನ್ನು ತೋರಿಸುವುದು ನನ್ನ ಕೆಲಸದ ಒಂದು ಭಾಗ. ರೋಗಿಗೂ ಡಾಕ್ಟರಿಗೂ ನಡುವೆ ಇರುವ ಈ ಕುರ್ಚಿಯಿಂದ ಎರಡೂ ಕಡೆ ಚೆನ್ನಾಗಿ ಕಾಣುತ್ತದೆ. ಪರದೆಯ ಆಚೆ ಎಷ್ಟೇ ದೊಡ್ಡ ಡಾಕ್ಟರ್ ಇರಲಿ, ಈಚೆ ಕಡೆಯಲ್ಲಿ ನಾವು ಮುಟ್ಟಿ, ಅಳೆದು, ಕೇಳಿ ಒಪ್ಪಿಸಿದಷ್ಟೇ ಅವರ ಕೈಗೆ ಸಿಗುತ್ತದೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಕರೆ ಮಾಡುವ ಮೊದಲಿನ ಸಿದ್ಧತೆಯ ಬಗ್ಗೆಯೇ ಇದೆ.

ಮೊದಲು, ಇದರಿಂದ ನಿಜವಾಗಿ ಆಗುವ ಉಪಕಾರವನ್ನು ಹೇಳುತ್ತೇನೆ. ನಮ್ಮ ಭಾಗದಲ್ಲಿ ಡಾಕ್ಟರಿಗೆ ತೋರಿಸುವುದೆಂದರೆ ಒಂದು ದಿನದ ಕೂಲಿ ಬಿಡುವುದು. ಊರಿನಿಂದ ಇಂಡಿಗೆ ಒಂದು ಬಸ್ಸು, ಅಲ್ಲಿಂದ ವಿಜಯಪುರಕ್ಕೆ ಇನ್ನೊಂದು. ಚಡಚಣದ ಕಡೆಯವರು ಸೊಲ್ಲಾಪುರದ ದಾರಿ ಹಿಡಿಯುತ್ತಾರೆ. ಅಥಣಿ, ಜಮಖಂಡಿಯ ಕಡೆಯವರಿಗೆ ಮಿರಜ್. ವಯಸ್ಸಾದವರಾದರೆ ಜೊತೆಗೊಬ್ಬರು ಬೇಕು, ಅಲ್ಲಿಗೆ ಎರಡು ಕೂಲಿ ಹೋಯಿತು. ತೊಗರಿ ರಾಶಿಯ ದಿನಗಳಲ್ಲಿ, ಕಬ್ಬಿನ ಕಟಾವು ನಡೆದಿರುವಾಗ ಇದು ಆಗದ ಮಾತು. ಹೀಗಾಗಿ ಬಿಪಿ, ಸಕ್ಕರೆ ಕಾಯಿಲೆಯವರು ಗುಳಿಗೆ ಮುಗಿದರೂ ಸುಮ್ಮನೆ ಉಳಿದುಬಿಡುತ್ತಾರೆ. ಟೆಲಿಮೆಡಿಸಿನ್, ಅಂದರೆ ಫೋನಿನಲ್ಲೋ ವಿಡಿಯೊದಲ್ಲೋ ದೂರದ ಡಾಕ್ಟರಿಗೆ ತೋರಿಸುವುದು, ಗೆದ್ದಿರುವುದು ಇಂಥವರ ವಿಷಯದಲ್ಲಿ. ರೋಗ ಯಾವುದೆಂದು ಗೊತ್ತಿದೆ, ಗುಳಿಗೆ ನಡೆಯುತ್ತಿದೆ, ಅದು ಸಾಕೇ, ಬದಲಿಸಬೇಕೇ ಎಂದಷ್ಟೇ ತಿಳಿಯಬೇಕಿದೆ. ಅದು ಹತ್ತು ನಿಮಿಷದ ಕೆಲಸ.

ಒಂದು ಉದಾಹರಣೆ ಕೊಡುತ್ತೇನೆ. ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದ ಒಬ್ಬ ಆಯಿ (ಅಜ್ಜಿ) ಕಾಲು ಬಾತಿದೆ ಎಂದು ಬಂದರು. ಕಿಡ್ನಿ ಹೋಯಿತೆಂದು ಮನೆಯವರಿಗೆ ಭಯ, ಸೊಲ್ಲಾಪುರಕ್ಕೆ ಹೊರಡಲು ಸಿದ್ಧರಾಗಿದ್ದರು. ವಿಡಿಯೊದಲ್ಲಿ ಡಾಕ್ಟರ್ ನನಗೆ ಹೇಳಿದ್ದು ಇಷ್ಟು: ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ, ಕುಳಿ ಬೀಳುತ್ತದೆಯೇ ನೋಡಿ, ಎರಡೂ ಕಾಲಿಗೆ ಸಮನಾಗಿ ಬಾವು ಇದೆಯೇ, ಒಂದಕ್ಕೆ ಮಾತ್ರವೇ, ಮುಖ ಊದಿದೆಯೇ. ನಂತರ ಆಯಿಯನ್ನು ನೇರವಾಗಿ ಕೇಳಿದರು: ಮಲಗಿದಾಗ ದಮ್ಮು ಬರುತ್ತದೆಯೇ, ರಾತ್ರಿ ಎದ್ದು ಕೂರಬೇಕಾಗುತ್ತದೆಯೇ, ಮೂತ್ರ ಕಡಿಮೆಯಾಗಿದೆಯೇ. ಇದ್ಯಾವುದೂ ಇರಲಿಲ್ಲ. ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ ಪ್ರೋಟೀನ್ ಕಾಣಲಿಲ್ಲ. ಆಮ್ಲೋಡಿಪಿನ್‌ನಿಂದ ಕಾಲು ಬಾಯುವುದು ಸಾಮಾನ್ಯ ಎಂದು ವಿವರಿಸಿ, ಗುಳಿಗೆ ಬದಲಿಸಿ, ರಕ್ತ ಪರೀಕ್ಷೆಗೆ ಬರೆದು, ಎರಡು ವಾರದ ನಂತರ ಮತ್ತೆ ತೋರಿಸಲು ಹೇಳಿದರು. ಅಂದು ತಿಳಿವಳಿಕೆ ಆಚೆ ಕಡೆಯದು, ಹೆಬ್ಬೆರಳು ಈಚೆ ಕಡೆಯದು. ಎರಡರಲ್ಲಿ ಒಂದಿಲ್ಲದಿದ್ದರೂ ಆಯಿ ಸೊಲ್ಲಾಪುರದ ಬಸ್ಸು ಹತ್ತಬೇಕಾಗುತ್ತಿತ್ತು.

ಕರೆ ಮಾಡಲೇಬಾರದ ಸಂದರ್ಭಗಳು

ಇದನ್ನು ಮನೆಯ ಎಲ್ಲರೂ ಓದಬೇಕು. ಕೆಲವು ತೊಂದರೆಗಳಲ್ಲಿ ವಿಡಿಯೊ ಕರೆಗೆ ಕಳೆದ ಅರ್ಧ ಗಂಟೆಯೇ ಜೀವ ತೆಗೆಯುತ್ತದೆ. ಅಂಥಲ್ಲಿ 108ಕ್ಕೆ ಕರೆ ಮಾಡಿ ಹೊರಡಬೇಕು, ಅಷ್ಟೇ.

ಎದೆ ಹಿಂಡಿದಂತೆ ನೋವು, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು ಇದ್ದರೆ ಅದನ್ನು ಗ್ಯಾಸ್ ಎಂದು ನೀವೇ ತೀರ್ಮಾನಿಸಬೇಡಿ. ಇಸಿಜಿ ಇರುವ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಟೆಲಿಮೆಡಿಸಿನ್ ಇನ್ನೊಂದು ರೂಪದಲ್ಲಿ ನಿಮ್ಮ ನೆರವಿಗೆ ಬರುತ್ತದೆ: 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದಯ ತಜ್ಞರು ನೋಡುತ್ತಾರೆ, ಹೃದಯಾಘಾತ ಎಂದು ಗೊತ್ತಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲೇ ಕೊಡುತ್ತಾರೆ. ಮನೆಯ ಮೊಬೈಲ್ ಇಸಿಜಿ ತೆಗೆಯಲಾರದು.

ಬಾಯಿ ಒಂದು ಕಡೆ ಸೊಟ್ಟಗಾಗುವುದು, ಕೈ ಎತ್ತಲು ಆಗದಿರುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ಗಡ್ಡೆ ಕರಗಿಸುವ ಚಿಕಿತ್ಸೆಗೆ ನಾಲ್ಕೂವರೆ ಗಂಟೆಯ ಗಡುವು ಇದೆ, ಅಷ್ಟರೊಳಗೆ ಸಿ.ಟಿ. ಸ್ಕ್ಯಾನ್ ಆಗಬೇಕು. ಲಕ್ಷಣ ಶುರುವಾದ ಹೊತ್ತನ್ನು ನೆನಪಿಟ್ಟುಕೊಂಡು ಹೊರಡಿ.

ಹಾವು ಕಚ್ಚಿದರಂತೂ ಫೋಟೊ ಕಳಿಸುತ್ತ ಕೂರಬೇಡಿ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚಿದರೆ ಬಾವೂ ಇರುವುದಿಲ್ಲ, ಹೆಚ್ಚು ನೋವೂ ಇರುವುದಿಲ್ಲ. ಪರದೆಯಲ್ಲಿ ನೋಡಿದವರಿಗೆ ಏನೂ ಕಾಣುವುದಿಲ್ಲ, ಆದರೆ ಕೆಲವೇ ಗಂಟೆಗಳಲ್ಲಿ ಉಸಿರು ನಿಲ್ಲಬಹುದು. ಕೈಕಾಲು ಅಲುಗಾಡದಂತೆ ಇಡಿ, ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ, ಗಾಯ ಕೊಯ್ಯಬೇಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ಸಾಗಿಸಿ. ಕೀಟನಾಶಕ ಕುಡಿದವರನ್ನೂ ಹಾಗೆಯೇ ಸಾಗಿಸಬೇಕು; ಡಬ್ಬಿಯನ್ನು ಜೊತೆಗೆ ಒಯ್ಯಿರಿ, ಯಾವ ವಿಷ ಎಂದು ತಿಳಿಯಲು ಅದು ಬೇಕು.

ಗರ್ಭಿಣಿಗೆ ರಕ್ತಸ್ರಾವ, ಫಿಟ್ಸ್, ಕಣ್ಣು ಮಂಜಾಗುವಂಥ ತಲೆನೋವು ಇದ್ದರೆ, ಕೂಸಿನ ಚಲನೆ ಕಡಿಮೆಯಾಗಿದ್ದರೆ ಆಸ್ಪತ್ರೆಯೇ ಗತಿ. ಮಗು ಎದೆಹಾಲು ಎಳೆಯುತ್ತಿಲ್ಲ, ಕುಡಿದದ್ದೆಲ್ಲ ವಾಂತಿ ಮಾಡುತ್ತಿದೆ, ಜಗ್ಗಾಡಿಸಿದರೂ ಎಚ್ಚರವಾಗುತ್ತಿಲ್ಲ ಎಂದರೆ ಅದಕ್ಕೂ ಅಷ್ಟೇ.

ಮಕ್ಕಳ ಕೆಮ್ಮು, ನೆಗಡಿಗೆ ಕರೆ ಮಾಡುವ ಮೊದಲು ಒಂದು ಕೆಲಸ ಮಾಡಿ. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಬೆಳಕಿನಲ್ಲಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳ ಒಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾದ ಸಂಶಯ. ಪಕ್ಕೆ ಒಳಗೆ ಎಳೆಯುತ್ತಿದ್ದರೆ ಎಣಿಸುತ್ತ ಕೂರದೆ ಹೊರಡಿ.

ಬರುವಾಗ ತರಬೇಕಾದ್ದು

ಹಳೆಯ ಕಾಗದಗಳೆಲ್ಲ ಒಂದೇ ಚೀಲದಲ್ಲಿರಲಿ. ಮಿರಜ್‌ನ ಡಿಸ್ಚಾರ್ಜ್ ಕಾಗದ, ಸೊಲ್ಲಾಪುರದ ರಕ್ತ ಪರೀಕ್ಷೆ, ಪಟ್ಟಣದ ಖಾಸಗಿ ಡಾಕ್ಟರ ಚೀಟಿ, ಎಲ್ಲವೂ ಬೇಕು. ಗುಳಿಗೆಯ ಖಾಲಿ ಪಟ್ಟಿಯನ್ನೂ ಎಸೆಯಬೇಡಿ. ‘ಬಿಳಿ ಗುಳಿಗೆ, ಮುಂಜಾನೆ ಒಂದು’ ಎಂದರೆ ಯಾವ ಡಾಕ್ಟರಿಗೂ ಏನೂ ತಿಳಿಯುವುದಿಲ್ಲ. ಪಟ್ಟಿಯನ್ನು ಕ್ಯಾಮೆರಾಕ್ಕೆ ಹಿಡಿದರೆ ಒಂದೇ ನೋಟದಲ್ಲಿ ತಿಳಿಯುತ್ತದೆ. ನಾಟಿ ಔಷಧ, ಸಂತೆಯಲ್ಲಿ ಕೊಂಡ ಮಂಡಿನೋವಿನ ಪುಡಿ ಇದ್ದರೆ ನಾಚಿಕೊಳ್ಳದೆ ಅದನ್ನೂ ತೋರಿಸಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು, ಸಕ್ಕರೆ ಏಕೆ ಇಳಿಯುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇರಬಹುದು.

ಮನೆಯಲ್ಲಿ ಗುಳಿಗೆ ಎಣಿಸಿ ಕೊಡುವವರು ಯಾರೋ ಅವರು ಜೊತೆಗೆ ಬರಲಿ. ಹೆಚ್ಚಿನ ಮನೆಗಳಲ್ಲಿ ಅದು ಸೊಸೆ. ಮುತ್ಯಾ ತಾನು ಎಲ್ಲ ಗುಳಿಗೆ ತಪ್ಪದೆ ನುಂಗುತ್ತೇನೆ ಎನ್ನುತ್ತಾರೆ. ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂಬುದು ಸೊಸೆಗೆ ಗೊತ್ತಿರುತ್ತದೆ.

ಇನ್ನೊಂದು ಚಿಕ್ಕ ತೊಡಕು ಎಷ್ಟೋ ಕರೆಗಳನ್ನು ಕೆಡಿಸುತ್ತದೆ. ಮನೆಯಿಂದಲೇ ಇ-ಸಂಜೀವಿನಿ ಬಳಸುವವರಿಗೆ ಮೊಬೈಲಿಗೆ ಒಟಿಪಿ ಬರುತ್ತದೆ. ಹಲವರ ಕಾಗದಗಳಲ್ಲಿ ಇರುವುದು ಪುಣೆಯಲ್ಲೋ ಗೋವಾದಲ್ಲೋ ದುಡಿಯುವ ಮಗನ ನಂಬರು. ಕೈಯಲ್ಲಿರುವ ಫೋನಿನ ನಂಬರನ್ನೇ ಕೊಡಿ. ಆಭಾ ಎಂಬ ಹದಿನಾಲ್ಕು ಅಂಕಿಯ ಸರ್ಕಾರಿ ಆರೋಗ್ಯ ಗುರುತಿನ ಸಂಖ್ಯೆ ಮಾಡಿಸಿದ್ದರೆ ಒಳ್ಳೆಯದು, ಇಲ್ಲವೆಂದು ಯಾರೂ ಚಿಕಿತ್ಸೆ ನಿರಾಕರಿಸುವಂತಿಲ್ಲ.

ಅಳತೆ ಸರಿಯಿದ್ದರೆ ಸಲಹೆ ಸರಿಯಿರುತ್ತದೆ

ಹೊಲದಿಂದ ನಡೆದು ಬಂದವರು, ಬಾಯಲ್ಲಿ ತಂಬಾಕು ಇಟ್ಟುಕೊಂಡೇ ತೋಳು ಚಾಚುತ್ತಾರೆ. ಆ ಬಿಪಿಯನ್ನು ನಂಬಿ ದೂರದ ಡಾಕ್ಟರ್ ಗುಳಿಗೆ ಹೆಚ್ಚಿಸಿದರೆ ನಾಳೆ ಅದೇ ವ್ಯಕ್ತಿ ತಲೆ ಸುತ್ತಿ ಬೀಳುತ್ತಾನೆ. ಚಹಾ, ತಂಬಾಕು, ಬೀಡಿ ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ, ಪಟ್ಟಿಯನ್ನು ಅಂಗಿಯ ಮೇಲೆ ಸುತ್ತಬಾರದು. ಎರಡು ಸಲ ಅಳೆದು ಎರಡನ್ನೂ ಡಾಕ್ಟರಿಗೆ ಹೇಳಬೇಕು.

ಸಕ್ಕರೆಯ ಅಂಕಿಯ ಜೊತೆಗೆ ಕೊನೆಯ ಊಟ ಯಾವಾಗ ಆಯಿತೆಂದು ಹೇಳದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಅದು 70ಕ್ಕಿಂತ ಕೆಳಗಿದ್ದು ರೋಗಿಗೆ ಎಚ್ಚರವಿದ್ದರೆ ಮೊದಲು ಸಕ್ಕರೆ ನೀರು ಕುಡಿಸಿ, ಕರೆ ಆಮೇಲೆ. ಆಕ್ಸಿಜನ್ ಅಳೆಯುವ ಯಂತ್ರವನ್ನು ಮದರಂಗಿ, ಉಗುರುಬಣ್ಣ ಇಲ್ಲದ, ತಣ್ಣಗಿರದ ಬೆರಳಿಗೆ ಹಾಕಿ. 94ಕ್ಕಿಂತ ಕಡಿಮೆ ಬಂದರೆ ಕರೆಯ ಮೊದಲ ಮಾತೇ ಅದಾಗಿರಬೇಕು. 90ಕ್ಕಿಂತ ಕಡಿಮೆಯಿದ್ದರೆ ಕರೆ 108ಕ್ಕೆ.

ಚರ್ಮದ ತೊಂದರೆಗೆ ಫೋಟೊ ಚೆನ್ನಾಗಿ ಕೆಲಸ ಮಾಡುತ್ತದೆ, ಹಗಲು ಬೆಳಕಿನಲ್ಲಿ ತೆಗೆದರೆ. ಅರಿಶಿನ, ಸುಣ್ಣ, ಎಣ್ಣೆ ತೊಳೆದು ಒರೆಸಿ. ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೊ ತೆಗೆಯಿರಿ. ಪಕ್ಕದಲ್ಲಿ ರೂಪಾಯಿ ನಾಣ್ಯ ಇಟ್ಟರೆ ಗಾತ್ರ ತಿಳಿಯುತ್ತದೆ. ಫೋಟೊ ಸಾಲದ ಕಡೆಯೂ ಇದೆ. ಬೆನ್ನ ಮೇಲಿನ ತಿಳಿಬಣ್ಣದ ಮಚ್ಚೆ ತುರಿಸುತ್ತಿಲ್ಲ ಎಂದರೆ ರೋಗಿಗೆ ಕಣ್ಣು ಮುಚ್ಚಲು ಹೇಳಿ, ಬಾಲ್‌ಪೆನ್ನಿನ ತುದಿಯಿಂದ ಮಚ್ಚೆಯನ್ನೂ ಪಕ್ಕದ ಚರ್ಮವನ್ನೂ ಮೆಲ್ಲಗೆ ಮುಟ್ಟಿ ಕೇಳಬೇಕು. ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿದ್ದರೆ ಕುಷ್ಠರೋಗದ ಸಂಶಯ. ಅದಕ್ಕೆ ಉಚಿತ, ಪೂರ್ತಿ ಗುಣವಾಗುವ ಚಿಕಿತ್ಸೆ ಇದೆ, ಆದರೆ ತೀರ್ಮಾನ ಎದುರಾಎದುರು ಪರೀಕ್ಷೆಯಲ್ಲೇ ಆಗಬೇಕು. ಎರಡು ವಾರ ದಾಟಿದ ಕೆಮ್ಮಿಗೂ ಹೀಗೆಯೇ: ಕಫ ಪರೀಕ್ಷೆ ಆಗದೆ ಯಾವ ವಿಡಿಯೊ ಕರೆಯೂ ಕ್ಷಯ ಇಲ್ಲವೆಂದು ಹೇಳಲಾರದು.

ಕರೆ ನಡೆಯುವಾಗ

ಡಾಕ್ಟರಿಗೆ ಮುಂದೆ ಇನ್ನೂ ಕರೆಗಳ ಸಾಲಿರುತ್ತದೆ. ಮೊದಲ ಅರ್ಧ ನಿಮಿಷದಲ್ಲಿ ಯಾರು, ಏನು, ಎಷ್ಟು ದಿನದಿಂದ, ಈಗ ಏನು ತೆಗೆದುಕೊಳ್ಳುತ್ತಿದ್ದಾರೆ, ಯಾವ ಔಷಧ ಒಗ್ಗುವುದಿಲ್ಲ ಎಂಬುದು ಮುಗಿಯಬೇಕು. ‘ಐವತ್ತೆಂಟು ವರ್ಷದ ಹೆಣ್ಣುಮಗಳು, ಆರು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ದಿನಕ್ಕೆರಡು, ಹದಿನೈದು ದಿನದಿಂದ ಅಂಗಾಲು ಉರಿ, ಇಂದು ಖಾಲಿ ಹೊಟ್ಟೆಯಲ್ಲಿ 190’ ಎಂದರೆ ಡಾಕ್ಟರ್ ನೇರವಾಗಿ ಕೆಲಸಕ್ಕೆ ಇಳಿಯುತ್ತಾರೆ. ಬೆಳಕು ರೋಗಿಯ ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಕಿಟಕಿ ಬೇಡ. ವಿಡಿಯೊ ತಡವರಿಸಿದರೆ ಧ್ವನಿ ಕರೆಗೆ ಬದಲಿಸಿಕೊಳ್ಳಿ. ಕರೆ ಕಡಿದುಹೋದರೆ ಯಾರು ಮತ್ತೆ ಮಾಡಬೇಕೆಂದು ಆರಂಭದಲ್ಲೇ ಮಾತಾಗಿರಲಿ.

ಬಾಗಿಲು ಮುಚ್ಚುವುದನ್ನು ನಾನು ಎಲ್ಲಕ್ಕಿಂತ ಮುಖ್ಯ ಎಂದು ತಿಳಿದಿದ್ದೇನೆ. ನಮ್ಮ ಊರುಗಳಲ್ಲಿ ಒಬ್ಬರಿಗೆ ಕರೆ ಹಚ್ಚಿದರೆ ನಾಲ್ವರು ಸುತ್ತ ನಿಲ್ಲುತ್ತಾರೆ. ಬಿಳಿ ಸೆರಗು, ಮುಟ್ಟಿನ ತೊಂದರೆ, ಮಕ್ಕಳಾಗದ ಚಿಂತೆ, ಗಂಡನ ಹೊಡೆತ, ಇವು ಯಾವುವೂ ಆ ನಾಲ್ವರ ಮುಂದೆ ಬಾಯಿಗೆ ಬರುವುದಿಲ್ಲ. ಹೆಣ್ಣುಮಕ್ಕಳೇ, ಒಬ್ಬರೇ ಮಾತನಾಡಬೇಕು ಎಂದು ಕೇಳುವುದು ನಿಮ್ಮ ಹಕ್ಕು. ಗುಪ್ತ ಅಂಗದ ಫೋಟೊವನ್ನು ಯಾರು ಕೇಳಿದರೂ ಕಳಿಸಬೇಡಿ. ಅಲ್ಲಿ ಪರೀಕ್ಷೆ ಬೇಕಾದರೆ ಮಹಿಳಾ ಸಿಬ್ಬಂದಿ ಇರುವ ಆಸ್ಪತ್ರೆಗೆ ಹೋಗಬೇಕು.

ಮುಗಿಸುವ ಮೊದಲು ರೋಗಿ ತನ್ನ ಮಾತಿನಲ್ಲೇ ಡಾಕ್ಟರಿಗೆ ತಿರುಗಿ ಹೇಳಲಿ: ಯಾವ ಗುಳಿಗೆ, ಊಟಕ್ಕೆ ಮೊದಲೋ ನಂತರವೋ, ಎಷ್ಟು ದಿನ, ಏನಾದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಈ ನಾಲ್ಕನೆಯದನ್ನು ಕೇಳದೆ ಕರೆ ಬಿಡಬೇಡಿ.

ಚೀಟಿ ಬಂದ ಮೇಲೆ

2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅದರಂತೆ ಚೀಟಿಯಲ್ಲಿ ವೈದ್ಯರ ಹೆಸರು, ನೋಂದಣಿ ಸಂಖ್ಯೆ, ದಿನಾಂಕ, ರೋಗಿಯ ಹೆಸರು, ವಯಸ್ಸು ಇರಬೇಕು. ಕೆಲವು ಔಷಧಗಳನ್ನು ಮೊದಲ ಸಲದ ವಿಡಿಯೊ ಭೇಟಿಯಲ್ಲೇ ಬರೆಯಬಹುದು, ಕೆಲವನ್ನು ಹಿಂದೆ ನೋಡಿದ ರೋಗಿಗೆ ಮಾತ್ರ. ಮಾರ್ಫಿನ್‌ನಂಥ ಮಾದಕ ವರ್ಗದ ಔಷಧವನ್ನು ಹೀಗೆ ಬರೆಯುವಂತಿಲ್ಲ. ಕ್ಯಾನ್ಸರ್ ನೋವಿನ ರೋಗಿಯ ಮನೆಯವರಿಗೆ ಇದು ದೊಡ್ಡ ಕಷ್ಟ, ಆದರೆ ನಿಯಮ ಹಾಗಿದೆ. ಅವರು ಪ್ರಯಾಣದ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬೇಕು.

ಬರೆದ ಗುಳಿಗೆ ಉಪಕೇಂದ್ರದಲ್ಲಿ ಇಲ್ಲದಿದ್ದರೆ ಕರೆಯಲ್ಲೇ ಹೇಳಿ. ಅದೇ ಕೆಲಸ ಮಾಡುವ, ನಮ್ಮಲ್ಲಿರುವ ಗುಳಿಗೆಯನ್ನು ಡಾಕ್ಟರ್ ಬರೆಯಬಲ್ಲರು. ಕರೆ ಮುಗಿದ ಮೇಲೆ ಗೊತ್ತಾದರೆ ರೋಗಿ ಪಟ್ಟಣದ ಅಂಗಡಿಗೆ ಅಲೆಯಬೇಕು, ಉಳಿಸಿದ ಬಸ್ ಚಾರ್ಜು ಅಲ್ಲೇ ಹೋಯಿತು.

ಆ್ಯಂಟಿಬಯೋಟಿಕ್ ವಿಷಯದಲ್ಲಿ ಬಹಳ ಎಚ್ಚರ ಬೇಕು. ಎದೆಗೆ ಸ್ಟೆತಸ್ಕೋಪ್ ಇಡಲು ಆಗದ ಡಾಕ್ಟರಿಗೆ ‘ಇರಲಿ’ ಎಂದು ಬರೆದುಬಿಡುವ ಒತ್ತಡ ಇರುತ್ತದೆ. ಇದು ಏತಕ್ಕೆ, ಇಲ್ಲದೆ ಎರಡು ದಿನ ನೋಡಬಹುದೇ ಎಂದು ವಿನಯದಿಂದ ಕೇಳಿ. ಸೂಜಿ ಮಾಡಲಿಲ್ಲ ಎಂದು ಬೇಸರಪಡುವ ಹಿರಿಯರಿಗೂ ಹೇಳುತ್ತೇನೆ, ಹೆಚ್ಚಿನ ಜ್ವರ, ಮೈಕೈ ನೋವಿಗೆ ಸೂಜಿ ಬೇಕಿಲ್ಲ.

ಇ-ಸಂಜೀವಿನಿ ಉಚಿತ. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ನಂಬರಿಗೆ ಕರೆ ಮಾಡಿದಾಗ ಮೊದಲು ಹಣ ಹಾಕಿ, ಒಟಿಪಿ ಹೇಳಿ ಎಂದರೆ, ಸಕ್ಕರೆ ಕಾಯಿಲೆ ಬೇರಿನಿಂದಲೇ ಗುಣಮಾಡುವ ಔಷಧ ಕೊರಿಯರ್‌ನಲ್ಲಿ ಕಳಿಸುತ್ತೇವೆ ಎಂದರೆ, ಫೋನ್ ಇಟ್ಟುಬಿಡಿ. ಖಾಸಗಿ ಆ್ಯಪ್‌ನಲ್ಲಿ ತೋರಿಸುವವರು ವೈದ್ಯರ ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ.

ಆಚೆ ಕಡೆಯ ಡಾಕ್ಟರಿಗೆ

ನಿಮ್ಮ ಕಷ್ಟ ನನಗೆ ಕಾಣುತ್ತದೆ. ಹೊಟ್ಟೆ ಮುಟ್ಟದೆ ಹೊಟ್ಟೆನೋವಿಗೆ ಬರೆಯಬೇಕು, ಏನಾದರೂ ತಪ್ಪಿದರೆ ಹೊಣೆ ನಿಮ್ಮದು, ಹೇಳಿದ ರೋಗಿ ಮತ್ತೆ ಬಂದನೋ ಇಲ್ಲವೋ ತಿಳಿಯುವುದೇ ಇಲ್ಲ. ಲಾಭವೂ ಇದೆ. ಒಬ್ಬರೇ ವೈದ್ಯರಿರುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಂಶಯ ಬಂದಾಗ ತಜ್ಞರನ್ನು ಕೇಳಲು ಒಂದು ಬಾಗಿಲು ತೆರೆದಿದೆ. ನನ್ನ ಕೋರಿಕೆ ಒಂದಿದೆ: ಈಚೆ ಕಡೆಯ ನರ್ಸ್‌ಗೆ ಕೆಲಸ ಹೇಳಿ. ಹೊಟ್ಟೆಯ ಬಲಗಡೆ ಕೆಳಗೆ ಮೆಲ್ಲಗೆ ಒತ್ತಿ, ಕೈ ಥಟ್ಟನೆ ತೆಗೆದಾಗ ನೋವು ಹೆಚ್ಚಾಗುತ್ತದೆಯೇ ನೋಡಿ ಎಂದು ಹೇಳಿ. ನಾಲ್ಕು ಹೆಜ್ಜೆ ನಡೆಸಿ ತೋರಿಸಿ ಎಂದು ಹೇಳಿ. ನಾವು ಮಾಡಬಲ್ಲೆವು. ನೋಡದೆ ಹೇಳಲಾರೆ ಎನ್ನಿಸಿದರೆ ಹಾಗೆಯೇ ಹೇಳಿ, ಮಾರ್ಗಸೂಚಿ ನಿಮಗೆ ಆ ಅಧಿಕಾರ ಕೊಟ್ಟಿದೆ. ಕಳಿಸುವಾಗ ಏಕೆ ಕಳಿಸುತ್ತಿದ್ದೀರಿ ಎಂಬುದನ್ನು ಚೀಟಿಯಲ್ಲಿ ಎರಡು ಸಾಲು ಬರೆಯಿರಿ. ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲವೂ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ದಿನಕ್ಕೆ ಇಷ್ಟು ಕರೆ ಎಂಬ ಲೆಕ್ಕ ತುಂಬಿಸಲು ಯಾರಾದರೂ ಒತ್ತಾಯಿಸಿದರೆ ನೀವೂ ನಾವೂ ಒಟ್ಟಿಗೆ ಬೇಡ ಎನ್ನಬೇಕು. ಅಗತ್ಯವಿಲ್ಲದ ಒಂದು ಕರೆ, ಅಗತ್ಯವಿರುವ ಒಬ್ಬರ ಸರದಿಯನ್ನು ಹಿಂದಕ್ಕೆ ತಳ್ಳುತ್ತದೆ.

ಮನಸ್ಸಿನ ತೊಂದರೆಗೆ

ಮುಟ್ಟಿ ನೋಡಬೇಕಾದ್ದು ಕಡಿಮೆ, ಕೇಳಿಸಿಕೊಳ್ಳಬೇಕಾದ್ದು ಹೆಚ್ಚು ಇರುವ ಕಡೆ ಫೋನು ಚೆನ್ನಾಗಿ ಒದಗುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹುಚ್ಚರ ಡಾಕ್ಟರ ಬಳಿ ಹೋದರೆಂದು ಊರಿನಲ್ಲಿ ಆಡಿಕೊಳ್ಳುವ ಭಯ ಇಲ್ಲಿಲ್ಲ. ಹೊಲದ ಬದುವಿನ ಮೇಲೆ ಒಬ್ಬರೇ ಕುಳಿತು ಮಾತನಾಡಬಹುದು. ಸಾಲ, ಬೆಳೆಹಾನಿ, ನಿದ್ದೆಗೇಡು, ಕುಡಿತ ಬಿಡುವ ಸಂಕಟ, ಹೆರಿಗೆಯ ನಂತರ ಕಾರಣವಿಲ್ಲದೆ ಅಳು, ಎಲ್ಲಕ್ಕೂ ಕರೆ ಮಾಡಬಹುದು.

ಮನೆಯವರು ಯಾರಾದರೂ ಸಾಯುವ ಮಾತು ಆಡುತ್ತಿದ್ದರೆ ಅದನ್ನು ಬೆದರಿಕೆ ಎಂದು ತಳ್ಳಿಹಾಕಬೇಡಿ. ಕೀಟನಾಶಕದ ಡಬ್ಬಿಗಳನ್ನು ಮೊದಲು ಮನೆಯಿಂದ ಹೊರಗೆ, ಬೀಗ ಹಾಕುವ ಜಾಗಕ್ಕೆ ಸಾಗಿಸಿ, ಒಬ್ಬರು ಅವರ ಜೊತೆಯಲ್ಲೇ ಇದ್ದು, ನಂತರ 14416ಕ್ಕೆ ಕರೆ ಮಾಡಿ. ಅವರು ಮಾತನಾಡಲು ಒಪ್ಪದಿದ್ದರೆ ನೀವೇ ಮಾತನಾಡಿ, ಮನೆಯವರಿಗೂ ಅಲ್ಲಿ ಸಲಹೆ ಕೊಡುತ್ತಾರೆ. ಈಗಾಗಲೇ ಏನಾದರೂ ಕುಡಿದಿದ್ದಾರೆ ಎಂಬ ಸಂಶಯ ಇದ್ದರೆ ಕರೆ ಹೋಗಬೇಕಾದ್ದು 108ಕ್ಕೆ.